ಎಡಗಡೆಯ ಬೀಕರ್

ಮಧ್ಯಾಹ್ನ ಎರಡಾದರೂ ಎಡಗಡೆಯ ಬೀಕರಿನ ನೀರು ಬಣ್ಣ ತಿರುಗಿರಲಿಲ್ಲ. ಸೊಸೆ ಅದರ ಮುಂದಿನಿಂದ ಕದಲಿರಲಿಲ್ಲ. ಅವಳು ಮನೆಯಲ್ಲೇ ಬಿಟ್ಟುಬಂದಿದ್ದ ಊಟದ ಡಬ್ಬಿ ಹಿಡಿದುಕೊಂಡು ಅತ್ತೆ ಪ್ರಯೋಗಾಲಯಕ್ಕೆ ಬಂದರು. ಪಕ್ಕದ ಆಸ್ಪತ್ರೆಯಲ್ಲಿ ಅವರ ವರ್ಷದ ತಪಾಸಣೆ ಆಗಷ್ಟೇ ಮುಗಿದಿತ್ತು.

ಎರಡು ಬೀಕರುಗಳಲ್ಲೂ ಬೆರಳುದ್ದದ ಒಂದೊಂದು ಚೀಲ, ಬಿಡಿಯಾದ ಔಷಧ ಹೊರಗೆ ಜಿನುಗಬಲ್ಲಂಥ ತೆಳುಪೊರೆಯದು. ಅದರೊಳಗೆ ಕ್ಯಾನ್ಸರಿನ ಕೆಂಪು ಔಷಧ. ಗ್ರಾಫೀನ್ ಎಂಬ ಇಂಗಾಲದ ಅತಿತೆಳು ಹಾಳೆಗಳ ಮೇಲೆ ಕೂರಿಸಿ, ಸೀಗಡಿ ಚಿಪ್ಪಿನಿಂದ ತೆಗೆದ ಪಾಲಿಸ್ಯಾಕರೈಡಿನ ಹೊದಿಕೆ ಹೊದಿಸಿದ್ದು. ಹೊದಿಕೆ ಮೂರು ಸಲ ಕೈಕೊಟ್ಟಿತ್ತು. ನಾಲ್ಕನೆಯ ಸಲವೂ ಎಡಗಡೆ ಸೋರಿದರೆ ಸಂಶೋಧನೆಗೆ ಬೇರೆ ವಿಷಯ ಹಿಡಿಯಬೇಕೆಂದು ಪ್ರೊಫೆಸರ್ ಖಡಾಖಂಡಿತವಾಗಿ ಹೇಳಿದ್ದರು. ಮೂರು ವರ್ಷದ ದುಡಿಮೆ ನೀರುಪಾಲು. ಆದರೂ ಸೊಸೆಗೆ ಈ ಸಲ ಧೈರ್ಯವಿತ್ತು. ಮೂರು ಸಲ ಎಡವಿದವಳಿಗೆ ಕಲ್ಲು ಎಲ್ಲಿದೆ ಎಂದು ಗೊತ್ತಾಗದಿರುತ್ತದೆಯೇ?

ಅತ್ತೆಯ ಕಣ್ಣು ಮೊದಲು ಬಿದ್ದದ್ದು ಬಲಗಡೆಗೆ. ಅಲ್ಲಿ ನೀರೆಲ್ಲ ಕೆಂಪು. ಆ ಕೆಂಪು ಅವರಿಗೆ ಹೊಸದಲ್ಲ. ಆರು ವರ್ಷದ ಹಿಂದೆ ಇದೇ ಔಷಧ ಅವರ ತೋಳಿನ ನರಕ್ಕೆ ಇಳಿದಿತ್ತು. ಇದೂ ಸೋರಿಹೋಯಿತಲ್ಲ ಎಂದು ಮರುಗಿದರು. ಮೊದಲು ಎರಡು ತುತ್ತು ತಿನ್ನು, ಅಳುವುದು ಆಮೇಲೆ ಇದ್ದೇ ಇದೆ ಎಂದು ಡಬ್ಬಿ ಬಿಚ್ಚಹೊರಟರು. ಇಲ್ಲಿ ತಿನ್ನುವಂತಿಲ್ಲ ಎಂದು ಸೊಸೆ ಅವರ ಕೈ ಹಿಡಿದಳು. ಅವಳು ನಗುತ್ತಿದ್ದಳು.

"ಅಲ್ಲಿ ಸೋರಲೇಬೇಕು ಅತ್ತೆ. ಕ್ಯಾನ್ಸರ್ ಗೆಡ್ಡೆ ಇರೋ ಕಡೆ ಒಂಚೂರು ಹುಳಿ ಇರುತ್ತೆ. ಬಲಗಡೆ ನೀರೂ ಹಾಗೇ. ಹುಳಿ ತಾಗಿದ್ರೆ ಹೊದಿಕೆ ಬಿಟ್ಕೊಳ್ಳುತ್ತೆ."

"ಮತ್ತೆ ಈ ಕಡೇದು?"

"ಅದು ನಿಮ್ಮ ರಕ್ತ ಇದ್ದ ಹಾಗೆ. ಅಲ್ಲಿ ಔಷಧ ಹೊರಗೆ ಬರಬಾರದು. ಅವತ್ತು ನಿಮಗೆ ಕೊಟ್ಟಿದ್ದು ದಾರಿಯುದ್ದಕ್ಕೂ ಚೆಲ್ಕೊಂಡೇ ಹೋಯ್ತು."

ಬಾಯಿಹುಣ್ಣಿನಿಂದ ಗುಟುಕು ನೀರೂ ಇಳಿಯದೆ, ಕೂದಲೆಲ್ಲ ಉದುರಿ ತಲೆ ಬೋಳಾಗಿದ್ದ ದಿನಗಳು ಅತ್ತೆಗೆ ನೆನಪಾದವು. ಕನ್ನಡಕ ಹಾಕಿಕೊಂಡು, ಬಗ್ಗಿ, ಎಡಗಡೆಯ ಬೀಕರನ್ನೇ ನೋಡತೊಡಗಿದರು.

ಅಷ್ಟರಲ್ಲಿ ಪ್ರೊಫೆಸರ್ ಬಂದರು. ಎಡಗಡೆಯ ನೀರನ್ನು ಸ್ವಲ್ಪ ತೆಗೆದು ಯಂತ್ರಕ್ಕಿಟ್ಟು ಅಂಕಿ ಓದಿದರು. ನಂಬಿಕೆ ಬರದೆ ಇನ್ನೊಮ್ಮೆ ತೆಗೆದು ಓದಿದರು. ಇನ್ನು ಇಲಿಗಳ ಮೇಲಿನ ಪರೀಕ್ಷೆಗೆ ಅರ್ಜಿ ಹಾಕಬಹುದು ಎಂದಾಗ ಸೊಸೆ ಸ್ಟೂಲು ಎಳೆದು ಕೂತು ದಾಖಲೆ ಪುಸ್ತಕ ಬಿಚ್ಚಿದಳು.

"ಬರ್ಕೊಳ್ಳಮ್ಮ," ಎಂದರು ಪ್ರೊಫೆಸರ್. "ಎಡಗಡೆ, ಏನೂ ಇಲ್ಲ."

ಅತ್ತೆ ಬೀಕರಿನಿಂದ ಕಣ್ಣು ಕೀಳಲಿಲ್ಲ.

"ಏನೂ ಇಲ್ಲ ಅನ್ಬೇಡಿ ಸಾರ್. ಸೊಂಟದುದ್ದದ ನನ್ನ ಜಡೆ ಇದ್ರಲ್ಲಿದೆ."