ಕನ್ನಡಕ ಮರೆತವರು

"ನಿಮ್ಮಲ್ಲಿ ಓದೋಕೆ ಕಷ್ಟಪಡೋರು ಯಾರಾದ್ರೂ ಇದ್ದಾರಾ?" ಎಂದು ವೆಬ್‌ಸೈಟ್ ಮಾಡುವ ಹುಡುಗಿ ಕೇಳಿದ್ದೇ ತಡ, ಆಸ್ಪತ್ರೆಯ ಮೀಟಿಂಗ್ ಕೋಣೆಯಲ್ಲಿದ್ದವರೆಲ್ಲ ಮುಸಿಮುಸಿ ನಕ್ಕರು. "ಇದು ಆಸ್ಪತ್ರೆ ಕಣಮ್ಮಾ, ಶಿಶುವಿಹಾರ ಅಲ್ಲ" ಎಂದ ಕ್ಯಾಷಿಯರ್. "ಅಂಥೋರು ನಮ್ಮಲ್ಲಿ ಯಾರೂ ಇಲ್ಲ" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ಮ್ಯಾನೇಜರು. ಹೇಳಿದ ಮೇಲೆ ಲೋಟ ಎತ್ತಿ ಗಟಗಟ ನೀರು ಕುಡಿದರು.

ಹುಡುಗಿಯ ಮುಖ ಸಣ್ಣದಾಯಿತು. "ಕಣ್ಣು ಕಾಣದೋರು, ಕಿವಿ ಕೇಳದೋರು ಬಂದು ಸೈಟ್ ಬಳಸೋಕಾಗುತ್ತಾ ಅಂತ ಪರೀಕ್ಷೆ ಮಾಡಿ ಹೋದ್ರು ಸಾರ್. ಬುದ್ಧಿಗೇನೂ ಕೊರತೆ ಇಲ್ಲ, ಆದ್ರೆ ಓದೋವಾಗ ಅಕ್ಷರ ಕಲಸಿಹೋಗುತ್ತೆ, ಅಂಥೋರು ಮಾತ್ರ ಸಿಗ್ತಾ ಇಲ್ಲ. ಇರ್ತಾರೆ, ಹೇಳ್ಕೊಳ್ಳಲ್ಲ. ನಾಳೆನೇ ಸೈಟ್ ಶುರು. ಹೋಗ್ಲಿ, ನೀವೇ ಒಬ್ಬೊಬ್ಬರಾಗಿ ಓದಿಬಿಡಿ."

ಆಪರೇಷನ್‌ಗೆ ಬರುವವರಿಗೆಂದು ಬರೆದ ಸೂಚನೆ ಗೋಡೆಯ ಪರದೆಯ ಮೇಲಿತ್ತು. ಹಿರಿಯ ನರ್ಸು ಅರಳು ಹುರಿದಂತೆ ಓದಿ ಮುಗಿಸಿದರು. ಕ್ಯಾಷಿಯರ್ ನೋಟು ಎಣಿಸುವ ವೇಗದಲ್ಲಿ ಓದಿದ. ಮುಂದಿನ ಸರದಿ ದೊಡ್ಡ ಡಾಕ್ಟರದು. ಈ ವಯಸ್ಸಿನಲ್ಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತೇನೆ ಎಂದು ಊರೆಲ್ಲ ಜಂಬ ಕೊಚ್ಚಿಕೊಳ್ಳುವ ಮನುಷ್ಯ ಅವರು. ಅಷ್ಟರಲ್ಲಿ ಅವರಿಗೇನೋ ಫೋನು ಬಂತು, ಎದ್ದು ಹೊರಗೆ ಹೋದರು. ಸರದಿ ಮ್ಯಾನೇಜರ ಬುಡಕ್ಕೆ ಬಂತು.

"ಅಯ್ಯೋ, ಕನ್ನಡಕ ಮರೆತು ಬಂದೆ ನೋಡಿ" ಎಂದರು ಅವರು. ಮತ್ತೆ ನಗು. ಆಸ್ಪತ್ರೆಯಲ್ಲಿ ಅವರ ಅಡ್ಡಹೆಸರೇ ಮರೆಗುಳಿ ಮ್ಯಾನೇಜರು. ಫೈಲು ಬಂದರೆ "ಕನ್ನಡಕ ಇಲ್ಲ, ನೀನೇ ಓದಿ ಹೇಳಪ್ಪ" ಎನ್ನುವರು; ಉಳಿದದ್ದನ್ನು ಮನೆಯಲ್ಲಿ ಹೆಂಡತಿ ಓದಿ ಹೇಳುತ್ತಿದ್ದರು. ಒಮ್ಮೆ ಕಿವಿಗೆ ಬಿದ್ದದ್ದು ಅವರ ತಲೆಯಿಂದ ಅಳಿಸಿದ್ದೇ ಇಲ್ಲ. ಆದರೂ ಮರೆಗುಳಿ ಎನ್ನಿಸಿಕೊಳ್ಳುವುದೇ ವಾಸಿ ಎಂದುಕೊಂಡಿದ್ದರು. ದಡ್ಡ ಎನ್ನಿಸಿಕೊಂಡದ್ದು ಶಾಲೆಯಲ್ಲೇ ಸಾಕುಸಾಕಾಗಿತ್ತು.

ಮೀಟಿಂಗ್ ಮುಗಿಯಿತೆಂದು ಎಲ್ಲರೂ ಕುರ್ಚಿ ಸರಿಸಿ ಎದ್ದರು. ಮ್ಯಾನೇಜರಿಗೆ ಮಾತ್ರ ಏಳಲಾಗಲಿಲ್ಲ. ನರ್ಸು ಬಾಯಿ ತೆರೆಯುವ ಮೊದಲು ಅವರು ಆ ಸೂಚನೆಯನ್ನು ಮನಸ್ಸಿನಲ್ಲೇ ಓದಿಕೊಂಡಿದ್ದರು, ಮತ್ತು ತಪ್ಪಾಗಿ ಓದಿಕೊಂಡಿದ್ದರು. ಅದು ಎಂಥ ತಪ್ಪೆಂದು ನರ್ಸು ಓದಿದ ಮೇಲೆಯೇ ಗೊತ್ತಾದದ್ದು. ಮನೆಯಲ್ಲಿ ಒಬ್ಬನೇ ಫೋನು ಹಿಡಿದು ಇದನ್ನು ಓದುವ ರೋಗಿಯ ಪಕ್ಕದಲ್ಲಿ ಓದಿ ಹೇಳುವ ನರ್ಸು ಎಲ್ಲಿಂದ ಬರಬೇಕು? ಅವನ ಜೀವಕ್ಕೆ ಕುತ್ತು ಬಂದ ಮೇಲೆ ತನ್ನ ಮಾನ ಉಳಿದು ಯಾರಿಗೇನು ಪ್ರಯೋಜನ?

"ಸ್ವಲ್ಪ ಕೂತ್ಕೊಳ್ಳಿ ಎಲ್ಲರೂ. ನಾನೂ ಓದ್ತೀನಿ."

"ಕನ್ನಡಕ ತರಿಸ್ಲಾ ಸಾರ್?" ಎಂದರು ನರ್ಸು.

"ಕನ್ನಡಕ ಜೇಬಲ್ಲೇ ಇದೆ ಸಿಸ್ಟರ್. ಯಾವಾಗ್ಲೂ ಜೇಬಲ್ಲೇ ಇತ್ತು."

ಅದನ್ನು ತೆಗೆದು ಹಾಕಿಕೊಂಡು ಪರದೆಯ ಹತ್ತಿರ ಹೋಗಿ ನಿಂತರು. "ಶ... ಶಸ... ಶಸ್ತ್ರ..." ಬೆವರೊರೆಸಿಕೊಂಡರು. "ಶಸ್ತ್ರಚಿಕಿತ್ಸೆಯ ದಿನ... ಆಹಾರ... ಸೇವಿಸಿ... ಆಸ್ಪತ್ರೆಗೆ ಬರತಕ್ಕದ್ದು."

ಯಾರೂ ನಗಲಿಲ್ಲ. "ಅಯ್ಯಯ್ಯೋ ಸಾರ್, ಸೇವಿಸಿ ಅಲ್ಲ, ಸೇವಿಸದೆ!" ನರ್ಸು ಹೌಹಾರಿದರು.

"ನಾನು ಹೇಳ್ತಿರೋದೂ ಅದನ್ನೇ ಸಿಸ್ಟರ್. ನನ್ನಂಥೋನು ಹೊಟ್ಟೆ ತುಂಬಾ ತಿಂದ್ಕೊಂಡೇ ಬಂದು ಆಪರೇಷನ್‌ಗೆ ಮಲಗ್ತಾನೆ. ತಿನ್ನಬೇಡ ಅನ್ನೋದು ಅಷ್ಟುದ್ದದ ಮಾತಲ್ಲಿ 'ದೆ' ಅನ್ನೋ ಒಂದು ಅಕ್ಷರದೊಳಗೆ ಅಡಗಿ ಕೂತಿದೆ ನೋಡಿ."

ಹುಡುಗಿ ಆಗಲೇ ಲ್ಯಾಪ್‌ಟಾಪಿನ ಮುಂದೆ ಬಗ್ಗಿದ್ದಳು. ಪರದೆಯ ಮೇಲಿನ ಸಾಲು ಅಳಿಸಿಹೋಗಿ ಬೇರೆ ಸಾಲುಗಳು ಮೂಡಿದವು. "ಈಗ ಓದಿ ಸಾರ್."

"ಆಪರೇಷನ್ ದಿನ ಊಟ ಬೇಡ. ತಿಂಡಿ ಬೇಡ. ಖಾಲಿ ಹೊಟ್ಟೆಯಲ್ಲಿ ಬನ್ನಿ." ಮ್ಯಾನೇಜರು ಒಂದೇ ಉಸಿರಿಗೆ ಓದಿಬಿಟ್ಟರು. ನಾಲ್ಕು ಜನರ ಮುಂದೆ ಹೀಗೆ ಓದಿದ್ದು ಜೀವಮಾನದಲ್ಲಿ ಇದೇ ಮೊದಲು. ಕಣ್ಣು ತುಂಬಿ ಬಂತು, ಕನ್ನಡಕ ಮಂಜಾಯಿತು. "ಹಾಗೇ ಸಾಲುಗಳನ್ನ ಸ್ವಲ್ಪ ದೂರ ದೂರ ಕೂರಿಸಮ್ಮಾ" ಎಂದರು. "ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನೋರ ತಲೆ ತುಳೀತಾ ಇವೆ."

ಉಳಿದವರು ಒಬ್ಬೊಬ್ಬರಾಗಿ ತಮ್ಮ ಕೆಲಸಕ್ಕೆ ಹೊರಟುಹೋದರು. ಮ್ಯಾನೇಜರು ಹುಡುಗಿಯ ಪಕ್ಕ ಕುರ್ಚಿ ಎಳೆದುಕೊಂಡು ಒಂದೊಂದೇ ಪುಟವನ್ನು ತಡವರಿಸುತ್ತಾ ಓದತೊಡಗಿದರು. ಅವರು ಎಡವಿದಲ್ಲೆಲ್ಲ ಅವಳು ತಿದ್ದುತ್ತಾ ಹೋದಳು. ಇಷ್ಟು ವರ್ಷ ಬಚ್ಚಿಟ್ಟುಕೊಂಡದ್ದು ಇಷ್ಟು ಕೆಲಸಕ್ಕೆ ಬರುತ್ತದೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

ಬಾಗಿಲು ಮೆಲ್ಲಗೆ ತೆರೆಯಿತು. ದೊಡ್ಡ ಡಾಕ್ಟರು ಒಳಗೆ ಬಂದು, ಹೊರಗೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿ, ಬಾಗಿಲು ಹಾಕಿದರು.

"ಹೊರಗಿಂದ ಎಲ್ಲ ಕೇಳಿಸ್ಕೊಂಡೆ. ಏನಮ್ಮಾ, ನಿನಗೆ ಇನ್ನೂ ಒಬ್ಬರು ಬೇಕಾಗಿತ್ತಾ?" ಎಂದು ಕೆಮ್ಮಿದರು. "ನಾನೂ ಇವತ್ತು ಕನ್ನಡಕ ಮರೆತು ಬಂದಿದ್ದೀನಿ."