ಕೊನೆಯ ಮುನ್ನೂರು ಮೀಟರು

ಐದು ಗಂಟೆ ಬಿಸಿಲಲ್ಲಿ ಕಾದು ಕೂತ ಸೈಕಲ್ ರೇಸು ಅರ್ಧ ಗಂಟೆಯಲ್ಲಿ ಕಣ್ಣೆದುರೇ ಬೆಟ್ಟ ಹತ್ತಿ ಮುಗಿದುಹೋಯಿತು. ಮೊದಲನೆಯವನು ಹೋದ, ಅವನ ಹಿಂದೆ ಒಬ್ಬೊಬ್ಬರಾಗಿ, ಆಮೇಲೆ ಗುಂಪುಗುಂಪಾಗಿ ಉಳಿದವರು ಹೋದರು. ರಸ್ತೆಬದಿಯ ಜನ ಕುರ್ಚಿ ಮಡಚಿ, ಕೊಡೆ ಸುತ್ತಿ ಇಳಿಜಾರಿನ ಕಡೆ ಮುಖ ಮಾಡಿದರು. ನರ್ಸಮ್ಮನೂ ಫ್ಲಾಸ್ಕಿನ ಮುಚ್ಚಳ ಬಿಗಿದು ಎದ್ದುನಿಂತರು. ಅವರ ಯಜಮಾನರು ಮಾತ್ರ ಜಪ್ಪಯ್ಯ ಎಂದರೂ ಏಳಲಿಲ್ಲ. ಕಿವಿಯಲ್ಲಿ ರೇಡಿಯೊದ ವೈರು, ಕೈಯಲ್ಲಿ ಸ್ಟಾಪ್‌ವಾಚು, ಕಣ್ಣು ಕೆಳಗಿನ ತಿರುವಿನ ಮೇಲೆ.

“ಮುಗೀತಲ್ರೀ, ಏಳಿ. ಗೆದ್ದೋನು ಇಷ್ಟೊತ್ತಿಗೆ ಸ್ನಾನಾನೂ ಮುಗಿಸಿರ್ತಾನೆ.”

“ಇನ್ನೂ ಒಬ್ಬ ಇದಾನೆ ಕಣೇ.”

“ಯಾರು, ಕೊನೆಯವನಾ?”

“ಕೊನೆಯವನೇ. ಗೆದ್ದವನನ್ನ ಟೀವೀಲೂ ತೋರಿಸ್ತಾರೆ. ಇವನನ್ನ ನೋಡ್ಬೇಕು ಅಂದ್ರೆ ಬೆಟ್ಟಕ್ಕೇ ಬರ್ಬೇಕು.”

ನರ್ಸಮ್ಮ ನಿಟ್ಟುಸಿರು ಬಿಟ್ಟು ಮತ್ತೆ ಕೂತರು. ಹೆರಿಗೆ ವಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಹೋದ ತಿಂಗಳಷ್ಟೇ ನಿವೃತ್ತರಾಗಿದ್ದರು. ಅಷ್ಟೂ ವರ್ಷ, ಬೇಸಗೆ ಬಂತೆಂದರೆ ಗಡಿಯಾರ ರಿಪೇರಿ ಅಂಗಡಿಗೆ ಬೀಗ ಜಡಿದು ಈ ರೇಸಿಗೆ ಓಡುತ್ತಿದ್ದ ಗಂಡನನ್ನು ಕೆಲಸವಿಲ್ಲದ ಬಡಗಿ ಎಂದು ಆಡಿಕೊಂಡದ್ದೇ ಆಡಿಕೊಂಡದ್ದು. ಅಲ್ಲಿ ಅಂಥಾದ್ದೇನಿದೆ ನೋಡಿಯೇಬಿಡೋಣ ಎಂದು ಈ ಸಲ ಜೊತೆಗೆ ಬಂದಿದ್ದರು. ನೋಡಿದ್ದು ಬಣ್ಣಬಣ್ಣದ ಅಂಗಿ ತೊಟ್ಟ ನೂರೈವತ್ತು ಬೆನ್ನುಗಳನ್ನು, ಅಷ್ಟೆ.

“ದಿನಕ್ಕೊಂದು ಹಾದಿ ಇರೋ ರೇಸು ಇದು. ಹದಿನೇಳು ದಿನದಿಂದ ತುಳೀತಿದಾನೆ,” ಎಂದರು ಯಜಮಾನರು, ಕಣ್ಣು ಕದಲಿಸದೆ. “ತಂಡದ ನಾಯಕನಿಗೆ ನೀರಿನ ಬಾಟಲಿ ಹೊತ್ತು ತಂದುಕೊಡೋದು ಇವನ ಕೆಲಸ. ಇವತ್ತು ಬೆಳಿಗ್ಗೆ ಬಿದ್ದು ಮೊಣಕೈ ಕಿತ್ಕೊಂಡಿದಾನೆ. ಗೆದ್ದವನು ಗುರಿ ಮುಟ್ಟಿದ ನಲವತ್ತು ನಿಮಿಷದೊಳಗೆ ಇವನೂ ಮುಟ್ಬೇಕು. ಒಂದು ಸೆಕೆಂಡ್ ತಡವಾದ್ರೂ ಅಂಗಿ ಮೇಲಿನ ನಂಬರು ಕಿತ್ಕೊಂಡು ಮನೆಗೆ ಕಳಿಸ್ತಾರೆ.”

“ಈಗ ಎಷ್ಟಾಯ್ತು?”

“ಮೂವತ್ತಾರೂವರೆ.”

ಆಗ ತಿರುವಿನಲ್ಲಿ ಅವನು ಕಾಣಿಸಿದ. ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಓಲಾಡುತ್ತ ಬರುತ್ತಿದ್ದ. ಮೊಣಕೈಗೆ ಸುತ್ತಿದ ಬಟ್ಟೆ ಕೆಂಪಾಗಿತ್ತು. ಅವನ ಬೆನ್ನಿಗೇ ಒಂದು ವ್ಯಾನು, ಕೈಬಿಟ್ಟವರನ್ನು ಹತ್ತಿಸಿಕೊಳ್ಳುವ ವ್ಯಾನು, ಬಾಗಿಲು ಅರ್ಧ ತೆರೆದುಕೊಂಡೇ ತೆವಳುತ್ತಿತ್ತು. ಹತ್ತಿರ ಬಂದಾಗ, ಗುರಿಗೆ ಇನ್ನು ಮುನ್ನೂರು ಮೀಟರು ಇರುವಾಗ, ನರ್ಸಮ್ಮ ಅವನ ಮುಖ ನೋಡಿದರು. ಅದು ಅವರಿಗೆ ಚೆನ್ನಾಗಿ ಗೊತ್ತಿದ್ದ ಮುಖ. ಇನ್ನು ನನ್ನ ಕೈಲಾಗಲ್ಲ ಎನ್ನುವ ಮುಖ.

ಅವರು ಯಾವಾಗ ಎದ್ದರೋ, ಯಾವಾಗ ರಸ್ತೆಗಿಳಿದರೋ. ಕೈ ತಾನಾಗಿಯೇ ಅವನ ಬೆನ್ನಿನ ಕಡೆ ಚಾಚಿತು.

“ಮುಟ್ಟಬೇಡ ಕಣೇ!” ಯಜಮಾನರು ಕಿರುಚಿದರು. “ತಳ್ಳಿದ್ರೆ ಶಿಕ್ಷೆ ಅವನಿಗೇ!”

ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಹಿಡಿಯದೆ, ನೀವದೆ, ಒತ್ತದೆ ಅವರು ಯಾರನ್ನೂ ದಡ ಮುಟ್ಟಿಸಿದವರಲ್ಲ. ಆದರೂ ಕೈ ಹಿಂದಕ್ಕೆ ಕಟ್ಟಿಕೊಂಡು, ಅವನ ಪಕ್ಕದಲ್ಲೇ ಬಿರಬಿರನೆ ನಡೆಯತೊಡಗಿದರು.

“ಇಲ್ಲಿ ಕೇಳು ಮಗ. ಮೊದಲು ಉಸಿರು ಬಿಡು. ಪೂರ್ತಿ ಬಿಡು. ಹಾಂ, ಈಗ ಒಂದ್ಸಲ. ಆಯ್ತು ನೋಡು. ಇನ್ನೊಂದೇ ಒಂದ್ಸಲ.”

ಅವನು ಯಾವ ದೇಶದವನೋ, ಅವರ ಮಾತಿನ ಒಂದಕ್ಷರವೂ ಅವನಿಗೆ ಬಾರದು. ಆದರೆ ಉಸಿರು ಬಿಟ್ಟ. ಪೆಡಲು ಒಂದು ಸುತ್ತು ತಿರುಗಿತು. ಇನ್ನೊಂದೇ ಒಂದ್ಸಲ ಎಂದರು. ಮತ್ತೊಂದು ಸುತ್ತು ತಿರುಗಿತು. ಸೈಕಲ್ಲು ಓಲಾಡುವುದನ್ನು ಬಿಟ್ಟು ನೇರವಾಯಿತು.

“ಎರಡು ನಿಮಿಷ ಇದೆ!” ಯಜಮಾನರು ಹಿಂದಿನಿಂದ ಏದುತ್ತ ಓಡಿಬರುತ್ತಿದ್ದರು.

“ನೀವು ಸುಮ್ನಿರಿ. ಗಡಿಯಾರ ನೋಡ್ಕೊಂಡು ಯಾರೂ ಹೆತ್ತಿಲ್ಲ.”

ಕೈಲಾಗಲ್ಲ ಎಂದ ಮೇಲೂ ಮೈಯೊಳಗಿನಿಂದ ಅದೊಂದು ಬಲ ಎಲ್ಲಿಂದ ಎದ್ದು ಬರುತ್ತದೆ ಎಂಬುದು ಮೂವತ್ತನಾಲ್ಕು ವರ್ಷದಲ್ಲಿ ನರ್ಸಮ್ಮನಿಗೆ ತಿಳಿದಿರಲಿಲ್ಲ. ಅದು ಹೆಣ್ಣಿಗೆ ಮಾತ್ರ ಬರುವಂಥದ್ದು ಎಂದುಕೊಂಡಿದ್ದರು. ಈಗ ಈ ಖಾಲಿ ರಸ್ತೆಯಲ್ಲಿ, ನೀರು ಹೊರುವ ಒಬ್ಬ ಹುಡುಗನ ನಡುಗುವ ತೊಡೆಗಳಲ್ಲಿ ಅದನ್ನೇ ಕಂಡು ಅವರ ಮೈ ಜುಮ್ಮೆಂದಿತು. ಕೊನೆಯ ನೂರು ಮೀಟರಿಗೆ ಕಬ್ಬಿಣದ ಬೇಲಿ ಕಟ್ಟಿದ್ದರು. ಅವರು ಅಲ್ಲಿ ನಿಲ್ಲಲೇಬೇಕಾಯಿತು. ಅವನು ಮುಂದೆ ಹೋದ. ವ್ಯಾನೂ ಅವನ ಹಿಂದೆ ಹೋಯಿತು.

ಬೇಲಿ ಹಿಡಿದುಕೊಂಡು ಇಬ್ಬರೂ ನಿಂತರು. ಯಜಮಾನರು ರೇಡಿಯೊದ ವೈರನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ನರ್ಸಮ್ಮ ಗಂಡನ ಮುಖವನ್ನೇ ನೋಡುತ್ತಿದ್ದರು. ಆ ಒಂದೂವರೆ ನಿಮಿಷ ಒಂದು ಯುಗದಷ್ಟಾಯಿತು.

“ಮುಟ್ಟಿದ,” ಎಂದರು ಯಜಮಾನರು ಕೊನೆಗೆ. ಕಣ್ಣು ತೆರೆದು ಸ್ಟಾಪ್‌ವಾಚು ನೋಡಿದರು. “ಆರು ಸೆಕೆಂಡ್ ಉಳಿದಿತ್ತು.”

ನರ್ಸಮ್ಮ ಅಂಗೈಯಿಂದ ಕಣ್ಣೊರೆಸಿಕೊಂಡರು.

“ಅಲ್ರೀ, ಇಷ್ಟೆಲ್ಲ ಒದ್ದಾಡಿದ್ದಕ್ಕೆ ಅವನಿಗೆ ಏನು ಕೊಡ್ತಾರೆ?”

“ನಾಳೆ ಇದಕ್ಕಿಂತ ದೊಡ್ಡ ಬೆಟ್ಟ ಇದೆ,” ಎಂದರು ಯಜಮಾನರು. “ಅದನ್ನ ಹತ್ತೋಕೆ ಬಿಡ್ತಾರೆ.”