ಮೂವತ್ತೆಂಟು ಸಾವಿರ ಜನ ಕೇಳದ ಹಾಡು

ಗದಗಿನ ಬಸ್ ಸ್ಟ್ಯಾಂಡ್ ಹತ್ತಿರ ವಿರೂಪಾಕ್ಷನದೊಂದು ಕನ್ನಡಕದ ಅಂಗಡಿ. ಅದು ಊರಿಗೆಲ್ಲ ಗೊತ್ತಿತ್ತು.

ಗೊತ್ತಿಲ್ಲದ ಇನ್ನೊಂದು ಕೆಲಸವೂ ಅವನಿಗಿತ್ತು... ಫೋನಿನಲ್ಲಿ 'ನಗೆ ಡಬ್ಬಿ' ಅಂತ ಒಂದು ಪೇಜ್!

ಯಾರೋ ಕಳಿಸಿದ ವಿಡಿಯೋಗೆ ತನ್ನದೊಂದು ಒಗ್ಗರಣೆ ಹಾಕಿ ಪೋಸ್ಟ್ ಮಾಡುವುದು. ಏಳು ವರ್ಷದಲ್ಲಿ ಮೂವತ್ತೆಂಟು ಸಾವಿರ ಫಾಲೋವರ್ಸ್. ಪೇಜಿನಲ್ಲಿ ಅವನ ಹೆಸರಿರಲಿಲ್ಲ, ಫೋಟೋ ಇರಲಿಲ್ಲ.

ಜನರನ್ನು ನಗಿಸುವುದು ಪುಣ್ಯದ ಕೆಲಸ ಎಂದೇ ಅವನು ನಂಬಿದ್ದ...

ಒಂದು ಸೋಮವಾರ ಬೆಳಿಗ್ಗೆ ದಾನೇಶ್ವರಿ ಎಂಬ ಹುಡುಗಿ ತನ್ನ ಅಜ್ಜಿ ನೀಲವ್ವನನ್ನು ಕರೆದುಕೊಂಡು ಅಂಗಡಿಗೆ ಬಂದಳು.

"ಬರೂ ಐತವಾರ ನನ್ನ ಮದುವಿ ಐತ್ರೀ. ಅಷ್ಟರಾಗ ಅಜ್ಜಿಗೆ ಚಸ್ಮಾ ಬೇಕು."

ವಿರೂಪಾಕ್ಷ ಖುಷಿಯಿಂದ ಕಣ್ಣು ಪರೀಕ್ಷೆ ಶುರು ಮಾಡಿದ. "ಹಂಗಾರ ಅಜ್ಜಿ, ಮೊಮ್ಮಗಳ ಮದುವ್ಯಾಗ ಸೋಬಾನ ಪದ ಹಾಡೂದು ನೀವಽ ಅನ್ರಿ!"

ಅಜ್ಜಿಯ ಮುಖ ಸಣ್ಣದಾಯಿತು.

ದಾನೇಶ್ವರಿಯೇ ಹೇಳಿದಳು. "ಒಂದ ಕಾಲದಾಗ ನಮ್ಮಜ್ಜಿ ಇಲ್ದ ಓಣ್ಯಾಗ ಒಂದು ಮದುವಿ ಆಗ್ತಿರಲಿಲ್ರೀ. ಆರು ವರ್ಷದ ಹಿಂದ ಹಾಡೂ ಮುಂದ ಹಲ್ಲಿನ ಸೆಟ್ ಜಾರಿತು. ಯಾರೋ ವಿಡಿಯೋ ಮಾಡಿದ್ರು. ಯಾವನೋ ಪುಣ್ಯಾತ್ಮ ಆಕಿ ಹಾಡು ತಗದು ಆಡಿನ ದನಿ ಕೂಡ್ಸಿ, 'ಆಡಿನಜ್ಜಿ' ಅಂತ ಹಾಕಿಬಿಟ್ಟ."

"ಸಾಲಿ ಹುಡುಗ್ರು ನನ್ನ ಕಂಡ್ರ 'ಮ್ಯಾ...' ಅಂತಿದ್ವು ತಮ್ಮಾ" ಎಂದಳು ನೀಲವ್ವ, ತಲೆ ತಗ್ಗಿಸಿ. "ಅವತ್ತಿಂದ ಹಾಡಿಲ್ಲ. ಇನ್ನೂ ಹಾಡಂಗಿಲ್ಲ. ಇಕಿ ಮದುವ್ಯಾಗ ಮಂದಿ ನಗಬಾರದು."

ವಿರೂಪಾಕ್ಷ ಕೈಯಲ್ಲಿದ್ದ ಗಾಜನ್ನು ಮೇಜಿನ ಮೇಲಿಟ್ಟ.

ಆ ಪುಣ್ಯಾತ್ಮ ಅವನೇ...

ಅವರು ಹೋದ ಮೇಲೆ ಫೋನ್ ತೆಗೆದ. ಕೆಳಗೆ, ಇನ್ನೂ ಕೆಳಗೆ... ಸಿಕ್ಕಿತು. ನಾಲ್ಕು ಲಕ್ಷ ಜನ ನೋಡಿದ್ದರು. ತಕ್ಷಣ ಅಳಿಸಿದ.

ಆದರೆ ಬೆರಳು ಅಲ್ಲಿಗೇ ನಿಲ್ಲಲಿಲ್ಲ. ಭಾಷಣ ಮರೆತು ಅತ್ತ ಹುಡುಗಿ... ಹೊಸ ಸ್ಕೂಟರ್‌ನಿಂದ ಬಿದ್ದ ದಪ್ಪನೆಯ ಮೇಷ್ಟ್ರು... ಮಂಟಪದಲ್ಲಿ ತೊದಲಿದ ಮದುಮಗ...

ಏಳು ವರ್ಷ ಇವೆಲ್ಲ ಅವನಿಗೆ ಬರೀ 'ಪೋಸ್ಟ್'ಗಳಾಗಿದ್ದವು. ಇಂದು ಮೊದಲ ಬಾರಿಗೆ ಮುಖಗಳು ಕಂಡವು.

ಸೆಟ್ಟಿಂಗ್ಸ್ ತೆರೆದು 'ಖಾತೆಯನ್ನು ಶಾಶ್ವತವಾಗಿ ಅಳಿಸಿ' ಒತ್ತಿದ.

ಆ್ಯಪ್ ಸುಮ್ಮನೆ ಬಿಡುತ್ತದೆಯೇ? ಖಚಿತವೇ ಎಂದಿತು. ಸ್ವಲ್ಪ ದಿನ ನಿಲ್ಲಿಸಿದರೆ ಸಾಲದೇ ಎಂದಿತು. ಪಾಸ್‌ವರ್ಡ್ ಕೇಳಿತು. ಮೂವತ್ತು ದಿನದೊಳಗೆ ಲಾಗಿನ್ ಆದರೆ ಎಲ್ಲ ವಾಪಸ್ ಸಿಗುತ್ತದೆ ಎಂದು ಆಸೆಯನ್ನೂ ತೋರಿಸಿತು. ಅಳಿಯನನ್ನು ಊಟಕ್ಕೆ ಒತ್ತಾಯಿಸುವ ಅತ್ತೆಯೂ ಇಷ್ಟು ಸಲ ಕೇಳಲಾರಳು!

ಕಣ್ಣು ಮುಚ್ಚಿ ಒತ್ತಿಯೇಬಿಟ್ಟ.

ಮನಸ್ಸು ಹಗುರಾಗಬೇಕಿತ್ತು... ಆಗಲಿಲ್ಲ. ಫೋನಿನಿಂದ ಹೋಯಿತು, ಸರಿ. ಅಜ್ಜಿಯ ಗಂಟಲಲ್ಲಿ ಸಿಕ್ಕಿಕೊಂಡಿದ್ದು?

ಗುರುವಾರ ಕನ್ನಡಕ ಸಿದ್ಧವಾಯಿತು. ದಾನೇಶ್ವರಿ ಬರುವವರೆಗೆ ಕಾಯದೆ, ವಿಳಾಸ ಹುಡುಕಿಕೊಂಡು ತಾನೇ ಅವರ ಮನೆಗೆ ಹೋದ. ನೀಲವ್ವ ಪಡಸಾಲೆಯಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದಳು.

ಕನ್ನಡಕವನ್ನು ಅವಳ ಪಕ್ಕದಲ್ಲಿಟ್ಟು ನಿಂತೇ ಇದ್ದ.

"ಅಜ್ಜಿ... ಆ ವಿಡಿಯೋ ಹಾಕಿದಾಂವ ನಾನಽ."

ಅಕ್ಕಿಯಲ್ಲಿ ಆಡುತ್ತಿದ್ದ ಕೈ ನಿಂತಿತು. ಒಳಗಿನಿಂದ ದಾನೇಶ್ವರಿ ಧಾವಿಸಿ ಬಂದಳು. "ಏನಂದ್ರಿ? ನೀವಾ? ಎಷ್ಟು ಧೈರ್ಯ ನಿಮಗ, ಮನಿಗಽ ಬರಾಕ!"

"ನೀ ಸುಮ್ನಿರು" ಎಂದಳು ನೀಲವ್ವ. ಕನ್ನಡಕ ಹಾಕಿಕೊಂಡು ಅವನನ್ನು ಬಹಳ ಹೊತ್ತು ನೋಡಿದಳು.

"ನೀನೂ ನಕ್ಕಿಯೇನು?"

"ನಕ್ಕೇನಿ ಅಜ್ಜಿ... ತಪ್ಪಾತು. ಆ ಪೇಜಽ ಅಳಿಸೇನಿ, ಪೂರಾ."

"ಅದಿರಲಿ. ನನ್ನ ಹಾಡು ಹೆಂಗಿತ್ತು?"

ಅವನು ಇಂಥ ಪ್ರಶ್ನೆಯನ್ನು ನಿರೀಕ್ಷಿಸಿರಲಿಲ್ಲ.

"ಹಾಡು... ನಾ ಕೇಳೇ ಇಲ್ಲ ಅಜ್ಜಿ. ದನಿ ತಗದು ಆಡಿಂದು ಹಾಕಿದ್ದೆ."

"ಹಂಗಾರ ಏನೂ ಕೇಳದನಽ ನಕ್ಕಿ! ಕೂಡ್ರು ಇಲ್ಲೆ. ಈಗ ಕೇಳು."

ನೀಲವ್ವ ಕೆಮ್ಮಿದಳು, ಸೆರಗು ಸರಿ ಮಾಡಿಕೊಂಡಳು... ಹಾಡಿದಳು.

ಮೊದಲ ಸಾಲು ಒಡೆಯಿತು. ಎರಡನೆಯದು ಕುಂಟಿತು. ಮೂರನೆಯ ಸಾಲಿಗೆ ದನಿ ತನ್ನ ಜಾಗ ಹುಡುಕಿಕೊಂಡಿತು. ತವರಿನ ಹೊಸ್ತಿಲು ದಾಟುವ ಮಗಳಿಗೆ ತಾಯಿ ಮಡಿಲು ತುಂಬುವ ಹಾಡು ಅದು.

ಸಿಟ್ಟಿನಿಂದ ನಿಂತಿದ್ದ ದಾನೇಶ್ವರಿ ಅಜ್ಜಿಯ ತೊಡೆಯ ಮೇಲೆ ಬಿದ್ದು ಅತ್ತಳು. ವಿರೂಪಾಕ್ಷನ ಅಂಗಿಯ ತೋಳು ಒದ್ದೆಯಾಗಿತ್ತು. ಪಕ್ಕದ ಮನೆಯ ಹೆಂಗಸರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ನಿಂತರು... "ಯವ್ವಾ, ನೀಲವ್ವ ಹಾಡಾಕತ್ತಾಳ!"

ಹಾಡು ಮುಗಿದಾಗ ನೀಲವ್ವ ಅವನ ಕಡೆ ತಿರುಗಿದಳು.

"ಈಗ ನಗೂದಿದ್ರ ನಗು."

ಅವನು ನಿಜಕ್ಕೂ ನಕ್ಕ, ಅಳುತ್ತಲೇ. ಅವಳೂ ನಕ್ಕಳು.

ಭಾನುವಾರದ ಮದುವೆಯಲ್ಲಿ ನೀಲವ್ವ ಒಂದಲ್ಲ, ಐದು ಹಾಡು ಹೇಳಿದಳು. ಊಟಕ್ಕೆ ಏಳಿ ಎಂದರೂ ಜನ ಏಳಲಿಲ್ಲ. ಅಡುಗೆಯವರೇ ಸೌಟು ಹಿಡಿದು ಚಪ್ಪರದೊಳಗೆ ಬಂದು ನಿಂತರು! ಮೂಲೆಯಲ್ಲಿ ಕೂತ ವಿರೂಪಾಕ್ಷ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಆಮೇಲೆ ಅವನು ಆ ವಿಡಿಯೋಗಳಲ್ಲಿದ್ದ ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೊರಟ. ಮೇಷ್ಟ್ರು ಸಿಕ್ಕರು, ಬೈದರು, ಚಹಾ ಕುಡಿಸಿ ಕಳಿಸಿದರು. ಭಾಷಣದ ಹುಡುಗಿ ಇನ್ನೂ ಸಿಕ್ಕಿಲ್ಲ... ಹುಡುಕುತ್ತಿದ್ದಾನೆ.

ಈ ಓಡಾಟದಲ್ಲಿ ಆ್ಯಪ್ ಕೊಟ್ಟಿದ್ದ ಗಡುವಿನ ಮೂವತ್ತನೆಯ ದಿನ ಯಾವಾಗ ಕಳೆದುಹೋಯಿತೋ, ಅವನಿಗೆ ಗೊತ್ತೇ ಆಗಲಿಲ್ಲ.

*ಪೋಸ್ಟ್ ಅಳಿಸಲು ಒಂದು ಬೆರಳು ಸಾಕು. ನೋವು ಅಳಿಸಲು ಅವರ ಬಾಗಿಲವರೆಗೆ ನಡೆದೇ ಹೋಗಬೇಕು.*

ನಿಮ್ಮ ಹಳೆಯ ಪೋಸ್ಟ್‌ಗಳನ್ನು ಇಂದು ಒಮ್ಮೆ ಕೆಳಗಿನವರೆಗೂ ನೋಡಿ... ನೀವು ಹೋಗಬೇಕಾದ ಬಾಗಿಲು ಯಾವುದಾದರೂ ಅಲ್ಲಿದೆಯೇ?